ಗುಲಗಂಜಿ ಹುಳುವಿನ ಬೆನ್ನು ಸ್ಪಷ್ಟ, ತಲೆ ಮಸುಕು: ಫೋಕಸ್ ಸ್ಟ್ಯಾಕಿಂಗ್ ಹೇಗೆ ಮಾಡುವುದು?

ಕುರುಗೋಡು ಬೀಜದಂಗಡಿ:

ಎಲ್ಲರಿಗೂ ನಮಸ್ಕಾರ. ಬಳ್ಳಾರಿ ಜಿಲ್ಲೆ ಕುರುಗೋಡಿನಲ್ಲಿ ನನ್ನದು ಬೀಜ, ಗೊಬ್ಬರ, ಔಷಧಿ ಅಂಗಡಿ. ಸುತ್ತಲಿನ ಹಳ್ಳಿಗಳಲ್ಲಿ ಮೆಣಸಿನಕಾಯಿ, ಹತ್ತಿ ಬೆಳೆಯುವವರು ಜಾಸ್ತಿ. ರೈತರು ಮುದುಡಿದ ಎಲೆ ತಂದು ಕೌಂಟರ್ ಮೇಲೆ ಇಡುತ್ತಾರೆ. "ಇದಕ್ಕೆ ಏನು ಹೊಡೀಬೇಕು?" ಅಂತ ಕೇಳುತ್ತಾರೆ. ಹುಳುವನ್ನು ಸರಿಯಾಗಿ ನೋಡಿದವರು ಕಡಿಮೆ. 2021-22ರಲ್ಲಿ ಕಪ್ಪು ಥ್ರಿಪ್ಸ್ ನುಸಿ (ರಸ ಹೀರುವ ಸಣ್ಣ ಕೀಟ) ಬಂದು ಮೆಣಸಿನ ಹೂವೆಲ್ಲ ಉದುರಿದಾಗ, ಯಾವ ಹುಳು ಅಂತ ತಿಳಿಯುವ ಮೊದಲೇ ಕೈಗೆ ಸಿಕ್ಕ ಔಷಧಿ ಹೊಡೆದವರೇ ಹೆಚ್ಚು. ಇನ್ನೊಂದು ಸಂಕಟ ಅಂದರೆ ಗುಲಗಂಜಿ ಹುಳುವಿನ ಮರಿ. ಅದು ಸಸ್ಯಹೇನು ತಿನ್ನುವ ರೈತನ ಮಿತ್ರ. ನೋಡೋಕೆ ವಿಕಾರ ಅಂತ ಅದನ್ನೇ ಹೊಸಕಿ ಹಾಕುತ್ತಾರೆ. ಔಷಧಿ ಮಾರುವವನೇ ನಾನು, ಆದರೂ ಬೇಡದ ಔಷಧಿ ಕಟ್ಟಿ ಕೊಡೋಕೆ ಮನಸ್ಸು ಒಪ್ಪುವುದಿಲ್ಲ.

ಅದಕ್ಕೆ ಅಂಗಡಿ ಗೋಡೆಗೆ ಎರಡು ಅಡಿ ಅಗಲದ ಫೋಟೋಗಳನ್ನು ಹಾಕಬೇಕು ಅಂತಿದ್ದೇನೆ. ಗುಲಗಂಜಿ ಹುಳು, ಅದರ ಮರಿ, ಕಪ್ಪು ಥ್ರಿಪ್ಸ್, ಹಳದಿ ಥ್ರಿಪ್ಸ್, ಮೈಟ್ ನುಸಿ (ಜೇಡದ ಬಳಗದ ಅತಿ ಸಣ್ಣ ಜೀವಿ). ಇಂಟರ್ನೆಟ್ಟಿನಿಂದ ಇಳಿಸಿದ ಚಿತ್ರ ಬೇಡ. ನಮ್ಮ ಹೊಲದ ಹುಳುವೇ ಆಗಬೇಕು.

ನನ್ನ ಹತ್ತಿರ ಇರುವುದು ಕ್ಯಾನನ್ 200ಡಿ, 55-250 ಎಸ್‌ಟಿಎಂ ಲೆನ್ಸ್, ಅದರ ಮುಂದೆ ಸಿಗಿಸುವ ರೇನಾಕ್ಸ್ 250 ಭೂತಗನ್ನಡಿ ಲೆನ್ಸ್, ಒಂದು ಟ್ರೈಪಾಡ್, 8 ಜಿಬಿ ರ‍್ಯಾಮ್ ಇರುವ ಲ್ಯಾಪ್‌ಟಾಪ್. ಗುಲಗಂಜಿ ಹುಳುವಿನ ಬೆನ್ನಿನ ಚುಕ್ಕೆ ಸ್ಪಷ್ಟ ಬಂದರೆ ತಲೆ, ಕಾಲು ಎಲ್ಲ ಮಸುಕು. ಎಫ್ 22 ಇಟ್ಟು, ಅಂದರೆ ಲೆನ್ಸಿನ ಅಪರ್ಚರ್ ತೂತನ್ನು ತೀರಾ ಸಣ್ಣದು ಮಾಡಿ ನೋಡಿದೆ. ಸ್ಪಷ್ಟ ಕಾಣುವ ಆಳ ಸ್ವಲ್ಪ ಜಾಸ್ತಿ ಆಗುತ್ತದೆ, ಆದರೆ ಇಡೀ ಫೋಟೋ ಮಂಜು ಮುಸುಕಿದ ಹಾಗೆ ಮೆತ್ತಗಾಗುತ್ತದೆ. ಹೀಗೇಕೆ? ಹಲವು ಫೋಟೋ ತೆಗೆದು ಒಂದು ಮಾಡುವ ಫೋಕಸ್ ಸ್ಟ್ಯಾಕಿಂಗೇ ದಾರಿ ಅನ್ನುತ್ತಾರೆ. ಎಷ್ಟು ಫೋಟೋ ಬೇಕು? ಒಂದರಿಂದ ಇನ್ನೊಂದಕ್ಕೆ ಎಷ್ಟು ಸರಿಸಬೇಕು? ಕ್ಯಾಮೆರಾ ಕೂರಿಸಿ ಸರಿಸುವ ರೈಲ್ ಕೊಳ್ಳಲೇಬೇಕಾ? ದುಡ್ಡಿಲ್ಲದೆ ಸಿಗುವ ಸಾಫ್ಟ್‌ವೇರ್ ಯಾವುದು?

ಗಂಗಾವತಿ ಸ್ಟುಡಿಯೋ:

ಅಣ್ಣಾ, ನಮಸ್ಕಾರ. ಗಂಗಾವತಿಯಲ್ಲಿ ನನ್ನದು ಮದುವೆ ಫೋಟೋ ಸ್ಟುಡಿಯೋ. ಸೀಸನ್ ಇಲ್ಲದಾಗ ಭತ್ತದ ಗದ್ದೆಯ ಹುಳುಗಳೇ ನನ್ನ ಕೆಲಸ. ನಿಮ್ಮ ಉದ್ದೇಶ ಕೇಳಿ ತುಂಬಾ ಖುಷಿ ಆಯ್ತು, ಅದಕ್ಕೆ ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ಎಫ್ 22ರ ವಿಷಯ. ಅಪರ್ಚರ್ ತೂತು ಸಣ್ಣದಾದಷ್ಟೂ ಬೆಳಕು ಅದರ ಅಂಚಿಗೆ ಬಾಗಿ ಹರಡುತ್ತದೆ. ಒಂದು ಚುಕ್ಕೆ ಚುಕ್ಕೆಯಾಗಿ ಬೀಳದೆ ಸಣ್ಣ ಬಿಲ್ಲೆಯಾಗಿ ಬೀಳುತ್ತದೆ. ಇದಕ್ಕೆ ಡಿಫ್ರ್ಯಾಕ್ಷನ್ ಅನ್ನುತ್ತಾರೆ. ಎಫ್ 22ರಲ್ಲಿ ಆ ಬಿಲ್ಲೆಯ ಅಗಲ ಸುಮಾರು 30 ಮೈಕ್ರಾನ್ (ಸಾವಿರ ಮೈಕ್ರಾನ್ ಸೇರಿದರೆ ಒಂದು ಮಿ.ಮೀ). ನಿಮ್ಮ ಕ್ಯಾಮೆರಾದ ಒಂದು ಪಿಕ್ಸೆಲ್ 4 ಮೈಕ್ರಾನಿಗೂ ಕಡಿಮೆ. ಎಂಟು ಪಿಕ್ಸೆಲ್ ಅಗಲ ಹರಡಿದ ಮೇಲೆ ಮಂಜು ಮುಸುಕದೆ ಇರುತ್ತದಾ? ನಿಮ್ಮ ಲೆನ್ಸಿನಲ್ಲಿ ದೋಷ ಏನಿಲ್ಲ. ಎಫ್ 11ಕ್ಕೆ ನಿಲ್ಲಿಸಿ. ಅದಕ್ಕಿಂತ ಮುಚ್ಚಬೇಡಿ.

ಈಗ ಆಳದ ಲೆಕ್ಕ. ಲೆನ್ಸನ್ನು 250ಕ್ಕೆ ಎಳೆದು ರೇನಾಕ್ಸ್ ಸಿಗಿಸಿದರೆ ಹೆಚ್ಚುಕಡಿಮೆ ಎರಡು ಪಟ್ಟು ದೊಡ್ಡದು ಕಾಣುತ್ತದೆ. ರೇನಾಕ್ಸಿನ ಶಕ್ತಿ 8 ಡಯಾಪ್ಟರ್, ಅಂದರೆ ಅದರ ಫೋಕಲ್ ಲೆಂತ್ 125 ಮಿ.ಮೀ. 250ನ್ನು 125ರಿಂದ ಭಾಗಿಸಿದರೆ 2. ನಿಮ್ಮ ಸೆನ್ಸರ್ ಅಗಲ 22.3 ಮಿ.ಮೀ. ಹಾಗಾಗಿ ಫೋಟೋದಲ್ಲಿ ಬರುವುದು 11 ಮಿ.ಮೀ ಅಗಲದ ಜಾಗ. ಈ ಜೋಡಿಯಲ್ಲಿ ಎಫ್ 11 ಇಟ್ಟರೆ ಸ್ಪಷ್ಟವಾಗಿ ಬರುವ ಪದರದ ದಪ್ಪ ಸುಮಾರು 0.11 ಮಿ.ಮೀ. ಅಷ್ಟೇ. ಗುಲಗಂಜಿ ಹುಳು ಬೆನ್ನಿನಿಂದ ಕಾಲಿನವರೆಗೆ ಮೂರು ಮಿ.ಮೀ ಎತ್ತರ ಇರುತ್ತದೆ ಅಂತಿಟ್ಟುಕೊಳ್ಳಿ. ಒಂದೇ ಫೋಟೋದಲ್ಲಿ ಅದೆಲ್ಲ ಬರಲು ಸಾಧ್ಯವೇ ಇಲ್ಲ.

ಸ್ಟ್ಯಾಕಿಂಗ್ ಅಂದರೆ ಆ ತೆಳು ಪದರವನ್ನು ಸ್ವಲ್ಪ ಸ್ವಲ್ಪವೇ ಸರಿಸುತ್ತಾ ತೆಗೆಯುವುದು. ಆಮೇಲೆ ಪ್ರತಿ ಜಾಗದಲ್ಲೂ ಯಾವ ಫೋಟೋ ಹೆಚ್ಚು ಸ್ಪಷ್ಟವಿದೆಯೋ ಅದನ್ನೇ ಸಾಫ್ಟ್‌ವೇರ್ ಆರಿಸಿ ಜೋಡಿಸುತ್ತದೆ. ಪದರಗಳು ಒಂದರ ಮೇಲೊಂದು ಕಾಲು ಭಾಗದಷ್ಟಾದರೂ ಹತ್ತಿಕೊಂಡಿರಬೇಕು. 0.11ರ ಪದರಕ್ಕೆ 0.08 ಮಿ.ಮೀ ಹೆಜ್ಜೆ ಸಾಕು. ಮೂರು ಮಿ.ಮೀ.ಗೆ 38 ಫೋಟೋ ಬರುತ್ತದೆ. ಆ ಕಡೆ ಈ ಕಡೆ ಒಂದಷ್ಟು ಹೆಚ್ಚಿಗೆ ಸೇರಿಸಿ 45 ತೆಗೆಯಿರಿ. ಹೆಚ್ಚಾದರೆ ಅಳಿಸಬಹುದು. ನಡುವೆ ಒಂದು ತಪ್ಪಿದರೆ ಹುಳುವಿನ ಮೈಮೇಲೆ ಮಸುಕಿನ ಪಟ್ಟಿ ಬಂದುಬಿಡುತ್ತದೆ, ಅದನ್ನು ಯಾವ ಸಾಫ್ಟ್‌ವೇರೂ ತುಂಬಿ ಕೊಡುವುದಿಲ್ಲ.

ಇಷ್ಟು ಸಣ್ಣ ಹೆಜ್ಜೆ ಇಡುವುದು ಹೇಗೆ ಅಂತ ಕೇಳುತ್ತೀರಿ. ಅಗ್ಗದ ರೈಲ್ ಬೇಡ. ಕೈಯಿಂದ ತಿರುಗಿಸುವಾಗ ಅದು ಅಲುಗಾಡುತ್ತದೆ, ಅರ್ಧ ದಿನ ಅದರ ಜೊತೆ ಗುದ್ದಾಡುವುದೇ ಆಗುತ್ತದೆ. ನಿಮ್ಮ ಲೆನ್ಸಿನ ಒಳಗೇ ಮೋಟರ್ ಇದೆ, ಅದನ್ನೇ ಬಳಸಿ. ಕ್ಯಾನನ್‌ನವರ ಇಒಎಸ್ ಯುಟಿಲಿಟಿ ಉಚಿತ. ಯುಎಸ್‌ಬಿ ಕೇಬಲ್ ಹಾಕಿ ಲ್ಯಾಪ್‌ಟಾಪಿನಲ್ಲಿ ಲೈವ್ ವ್ಯೂ ತೆರೆಯಿರಿ. ಅಲ್ಲಿ ಫೋಕಸ್ ಸರಿಸುವ ಬಾಣದ ಗುರುತುಗಳು ಮೂರು ಅಳತೆಯಲ್ಲಿ ಇರುತ್ತವೆ. ಅತಿ ಸಣ್ಣದನ್ನು ಒತ್ತುವುದು, ಒಂದು ಫೋಟೋ ತೆಗೆಯುವುದು, ಮತ್ತೆ ಒತ್ತುವುದು. ಕ್ಯಾಮೆರಾ ಮುಟ್ಟುವ ಕೆಲಸವೇ ಇಲ್ಲ. ಲೆನ್ಸಿನ ಸ್ವಿಚ್ ಮಾತ್ರ ಎಎಫ್ (ಆಟೋ ಫೋಕಸ್) ಮೇಲೆ ಇರಬೇಕು.

ಒಂದು ಒತ್ತಿಗೆ ಎಷ್ಟು ಸರಿಯುತ್ತದೆ ಅಂತ ಯಾರೂ ಬರೆದು ಕೊಟ್ಟಿಲ್ಲ. ಆದರೆ ಅಳೆಯೋದು ಸುಲಭ, ಇದನ್ನು ದಯವಿಟ್ಟು ಮಾಡಿ. ಮೊದಲು ಸ್ಟೀಲ್ ಸ್ಕೇಲನ್ನು ಲೆನ್ಸಿಗೆ ನೇರ ಹಿಡಿದು ಒಂದು ಫೋಟೋ ತೆಗೆಯಿರಿ. ಒಂದು ಮಿ.ಮೀ.ಗೆ ಎಷ್ಟು ಪಿಕ್ಸೆಲ್ ಅಂತ ಗೊತ್ತಾಗುತ್ತದೆ. ನಿಮ್ಮದರಲ್ಲಿ ಸುಮಾರು 540 ಬರಬೇಕು. ಆಮೇಲೆ ಪೇಪರಿನ ಒಂದು ತುಂಡನ್ನು 45 ಡಿಗ್ರಿ ಓರೆಯಾಗಿ ನಿಲ್ಲಿಸಿ ಫೋಟೋ ತೆಗೆಯಿರಿ. ಅಕ್ಷರದ ಮೇಲೆ ಒಂದು ಸಣ್ಣ ಪಟ್ಟಿಯಷ್ಟೇ ಸ್ಪಷ್ಟ ಇರುತ್ತದೆ. ಓರೆ 45 ಡಿಗ್ರಿ ಇದ್ದಾಗ ಚಿತ್ರದಲ್ಲಿ ಕಾಣುವ ಆ ಪಟ್ಟಿಯ ಅಗಲವೇ ನಿಮ್ಮ ಆಳ. 60 ಪಿಕ್ಸೆಲ್ ಇದ್ದರೆ 0.11 ಮಿ.ಮೀ. ಈಗ ಬಾಣವನ್ನು ಹತ್ತು ಸಲ ಒತ್ತಿ ಇನ್ನೊಂದು ಫೋಟೋ ತೆಗೆಯಿರಿ. ಪಟ್ಟಿ ಎಷ್ಟು ಜರುಗಿತು ನೋಡಿ ಹತ್ತರಿಂದ ಭಾಗಿಸಿ. ನಿಮ್ಮ ಹೆಜ್ಜೆ ಸಿಕ್ಕಿತು. ಒಂದು ಒತ್ತಿಗೆ ಆಳಕ್ಕಿಂತ ಬಹಳ ಕಡಿಮೆ ಸರಿದರೆ ಎರಡು ಮೂರು ಒತ್ತಿಗೆ ಒಂದು ಫೋಟೋ ಸಾಕು. ಜನ ಸಾಫ್ಟ್‌ವೇರ್ ಯಾವುದು ಅಂತ ಮೊದಲು ಕೇಳುತ್ತಾರೆ. ನನ್ನ ಪ್ರಕಾರ ಈ ಅಳತೆ ಗೊತ್ತಿದ್ದವನಿಗೆ ಅರ್ಧ ಕೆಲಸ ಮುಗಿದ ಹಾಗೆ.

ತೆಗೆಯುವಾಗ ಎಲ್ಲವೂ ಮ್ಯಾನ್ಯುಯಲ್. ಐಎಸ್‌ಒ, ಶಟರ್, ವೈಟ್ ಬ್ಯಾಲೆನ್ಸ್ ಯಾವುದೂ ನಡುವೆ ಬದಲಾಗಬಾರದು. ಲೆನ್ಸಿನಲ್ಲಿ ಅಲುಗಾಟ ತಡೆಯುವ ಐಎಸ್ ಆಫ್ ಮಾಡಿ. ಹುಳುವಿನ ಸುತ್ತ ಜಾಗ ಬಿಡಿ, ಯಾಕೆಂದರೆ ಫೋಕಸ್ ಸರಿಸಿದಂತೆ ಚಿತ್ರದ ಗಾತ್ರವೂ ಸ್ವಲ್ಪ ಬದಲಾಗುತ್ತದೆ, ಜೋಡಿಸಿದ ಮೇಲೆ ಅಂಚು ಕತ್ತರಿಸಬೇಕಾಗುತ್ತದೆ.

ಸಾಫ್ಟ್‌ವೇರ್: ಹೆಲಿಕಾನ್ ಫೋಕಸ್, ಝೆರೀನ್ ಸ್ಟ್ಯಾಕರ್ ಎರಡೂ ಇದಕ್ಕೇ ಮಾಡಿದವು. ದುಡ್ಡು ಕೊಡಬೇಕು, ಆದರೆ ಎರಡನ್ನೂ 30 ದಿನ ಸುಮ್ನೆ ಬಳಸಿ ನೋಡಬಹುದು. ಐದು ಫೋಟೋಗೆ ಅಷ್ಟು ದಿನ ಸಾಕಲ್ವಾ? ಪೂರ್ತಿ ಉಚಿತ ಬೇಕೆಂದರೆ ಹ್ಯೂಗಿನ್ ಅನ್ನುವ ಫೋಟೋ ಜೋಡಿಸುವ ಸಾಫ್ಟ್‌ವೇರ್ ಜೊತೆ ಬರುವ ಅಲೈನ್ ಇಮೇಜ್ ಸ್ಟ್ಯಾಕ್ ಮತ್ತು ಎನ್‌ಫ್ಯೂಸ್. ಮೊದಲನೆಯದು ಫೋಟೋಗಳನ್ನು ಒಂದರ ಮೇಲೊಂದು ಕೂರಿಸುತ್ತದೆ, ಎರಡನೆಯದು ಬೆರೆಸುತ್ತದೆ. ಎನ್‌ಫ್ಯೂಸ್‌ನಲ್ಲಿ ಎಕ್ಸ್‌ಪೋಶರ್ ಮತ್ತು ಸ್ಯಾಚುರೇಶನ್ ತೂಕ 0, ಕಾಂಟ್ರಾಸ್ಟ್ ತೂಕ 1, ಜೊತೆಗೆ ಹಾರ್ಡ್ ಮಾಸ್ಕ್ ಇಡಬೇಕು. ಇದನ್ನು ಬಿಟ್ಟರೆ ಎಲ್ಲ ಸೇರಿ ಮಸುಕಾದ ಸರಾಸರಿ ಬರುತ್ತದೆ. ಕಮಾಂಡ್ ಬರೆಯಬೇಕು, ಅದೊಂದು ಕಿರಿಕಿರಿ. ಫೋಟೋಶಾಪ್ ಇದ್ದರೆ ಆಟೋ ಅಲೈನ್, ಆಟೋ ಬ್ಲೆಂಡ್ ಲೇಯರ್ಸ್ ಅದರಲ್ಲೇ ಇದೆ. ಹತ್ತು ಹದಿನೈದು ಫೋಟೋಗೆ ಪರವಾಗಿಲ್ಲ, 45ಕ್ಕೆ ನಿಮ್ಮ ಲ್ಯಾಪ್‌ಟಾಪ್ ಕಷ್ಟಪಡುತ್ತದೆ. 24 ಮೆಗಾಪಿಕ್ಸೆಲ್‌ನ 16 ಬಿಟ್ ಟಿಫ್ ಒಂದೊಂದೂ 144 ಎಂಬಿ, 45 ಸೇರಿದರೆ 6 ಜಿಬಿ ದಾಟುತ್ತದೆ. ಮೊದಲ ಪ್ರಯತ್ನಕ್ಕೆ ಒಳ್ಳೆ ಗುಣಮಟ್ಟದ ಜೆಪೆಗ್ ಸಾಕು.

ಥ್ರಿಪ್ಸ್ ವಿಷಯ ಮಾತ್ರ ಬೇರೆ. ಸ್ಟ್ಯಾಕಿಂಗ್ ಆಳ ಕೊಡುತ್ತದೆ, ದೊಡ್ಡದು ಮಾಡುವುದಿಲ್ಲ. ಥ್ರಿಪ್ಸ್ ಉದ್ದ ಒಂದು ಮಿ.ಮೀ. ನಿಮ್ಮ ರೇನಾಕ್ಸಿನಲ್ಲಿ ಅದು 6000ದಲ್ಲಿ ಬರೀ 540 ಪಿಕ್ಸೆಲ್. ಎರಡು ಅಡಿಗೆ ಎಳೆದರೆ ಏನೂ ಉಳಿಯುವುದಿಲ್ಲ. ಅದಕ್ಕೆ ಮೈಕ್ರೋಸ್ಕೋಪಿನ 4ಎಕ್ಸ್ ಆಬ್ಜೆಕ್ಟಿವ್ (ನಾಲ್ಕು ಪಟ್ಟು ದೊಡ್ಡದು ಮಾಡುವ ಲೆನ್ಸ್) ಬೇಕು. 160 ಅಂತ ಬರೆದಿರುವ ಹಳೆ ನಮೂನೆಯದು. ಎಕ್ಸ್‌ಟೆನ್ಶನ್ ಟ್ಯೂಬುಗಳ, ಅಂದರೆ ಕ್ಯಾಮೆರಾಕ್ಕೆ ಹಾಕುವ ಖಾಲಿ ಕೊಳವೆಗಳ, ತುದಿಗೆ ಅಡಾಪ್ಟರ್ ಹಾಕಿ ಅದನ್ನು ಕೂರಿಸುತ್ತಾರೆ. ಸೆನ್ಸರಿನಿಂದ ಆಬ್ಜೆಕ್ಟಿವ್ ಕೂರುವ ಜಾಗಕ್ಕೆ ಸುಮಾರು 150 ಮಿ.ಮೀ ಇರಬೇಕು. ಆಗ ಪದರದ ದಪ್ಪ ಇನ್ನೂ ಇಳಿದು 0.055 ಮಿ.ಮೀ ಆಗುತ್ತದೆ. ಹೆದರಬೇಡಿ, ಥ್ರಿಪ್ಸ್ ಮೈ ದಪ್ಪ ಕಾಲು ಮಿ.ಮೀ.ಗಿಂತ ಹೆಚ್ಚಿರುವುದಿಲ್ಲ. 0.04ರ ಹೆಜ್ಜೆಯಲ್ಲಿ ಹತ್ತೇ ಫೋಟೋ ಸಾಕು. ಇಲ್ಲಿ ಲೆನ್ಸ್ ಮೋಟರ್ ಇರುವುದಿಲ್ಲ. ಹಳೆ ಮೈಕ್ರೋಸ್ಕೋಪ್ ಸಿಕ್ಕರೆ ಅದರ ವೇದಿಕೆ ಮೇಲೆ ಹುಳು ಇಟ್ಟು, ಸಣ್ಣ ತಿರುಪಿನಿಂದ ಹುಳುವನ್ನೇ ಏರಿಸಿ ಇಳಿಸಿ. ಕ್ಯಾಮೆರಾ ಸರಿಸುವುದಕ್ಕಿಂತ ಅದು ಎಷ್ಟೋ ವಾಸಿ.

ತೋರಣಗಲ್ಲು ರಾತ್ರಿಪಾಳಿ:

ಮೇಲಿನವರು ಎಲ್ಲ ಹೇಳಿದ್ದಾರೆ. ನಾನು ಅಲುಗಾಟದ ಬಗ್ಗೆ ಮಾತ್ರ ಹೇಳುತ್ತೇನೆ. ನಮ್ಮ ಕಡೆ ಅದಿರಿನ ಲಾರಿ ಹೋದರೆ ಮನೆ ಕಿಟಕಿ ಗಾಜು ನಡುಗುತ್ತದೆ. 2ಎಕ್ಸ್‌ನಲ್ಲಿ ಅದು ಫೋಟೋದಲ್ಲಿ ಗೊತ್ತಾಗುತ್ತದೆ. ಟ್ರೈಪಾಡ್ ಬಿಟ್ಟುಬಿಡಿ. ದಪ್ಪ ಕಡಪ ಕಲ್ಲಿನ ತುಂಡು ನೆಲದ ಮೇಲೆ ಇಟ್ಟು, ಕ್ಯಾಮೆರಾ ಮತ್ತು ಹುಳು ಎರಡನ್ನೂ ಅದರ ಮೇಲೇ ಕೂರಿಸಿ. ನಡುಗಿದರೂ ಎರಡೂ ಒಟ್ಟಿಗೆ ನಡುಗುತ್ತವೆ. ಕಲ್ಲಿನ ಕೆಳಗೆ ಹಳೆ ಸೈಕಲ್ ಟ್ಯೂಬ್ ಮಡಿಚಿ ಹಾಕಿದರೆ ಇನ್ನೂ ಒಳ್ಳೆಯದು. ಫ್ಯಾನ್ ಆಫ್. ಏಪ್ರಿಲ್ ಮೇನಲ್ಲಿ ಅದು ಶಿಕ್ಷೆ, ಬೆಳಗಿನ ಜಾವ ಮುಗಿಸಿಕೊಳ್ಳಿ.

ಬೆಳಕಿಗೆ ಫ್ಲ್ಯಾಶ್ ಬಳಸಿ, ಪವರ್ 1/16 ಅಥವಾ ಅದಕ್ಕೂ ಕಡಿಮೆ. ಪವರ್ ಇಳಿಸಿದಷ್ಟೂ ಮಿಂಚು ಚಿಕ್ಕದಾಗುತ್ತದೆ, ಅಲುಗಾಟ ಹಿಡಿಯುವುದಿಲ್ಲ. ಗುಲಗಂಜಿ ಹುಳುವಿನ ಬೆನ್ನು ಕನ್ನಡಿ ಇದ್ದಂಗೆ, ಬರೀ ಫ್ಲ್ಯಾಶ್ ಹೊಡೆದರೆ ಬಿಳಿ ಕಲೆ ಬೀಳುತ್ತದೆ. ಹುಳುವಿನ ಸುತ್ತ ಟ್ರೇಸಿಂಗ್ ಪೇಪರನ್ನು ಸುರುಳಿ ಮಾಡಿ ನಿಲ್ಲಿಸಿ, ಹೊರಗಿನಿಂದ ಬೆಳಕು ಬಿಡಿ.

ರಾಯಚೂರು ಕೀಟವಿದ್ಯಾರ್ಥಿನಿ:

ಸರ್, ನಾನು ಕೃಷಿ ಕೀಟಶಾಸ್ತ್ರ ಓದುತ್ತಿದ್ದೇನೆ. ಗೋಡೆ ಮೇಲೆ ಏನು ಹಾಕಬೇಕು ಅನ್ನುವುದರ ಬಗ್ಗೆ ಸ್ವಲ್ಪ ಹೇಳಬೇಕು ಅನಿಸಿತು.

ಮೈಟ್ ನುಸಿಯ ಆಸೆ ಈಗ ಬಿಡಿ. ಮೆಣಸಿನ ಮೈಟ್ ಸುಮಾರು 0.2 ಮಿ.ಮೀ ಅಷ್ಟೇ. 4ಎಕ್ಸ್‌ನಲ್ಲೂ ಅದು ಒಂದು ಚುಕ್ಕೆ. ಅದರ ಬದಲು ಎಲೆಯ ಫೋಟೋ ಹಾಕಿ. ಥ್ರಿಪ್ಸ್ ಬಿದ್ದ ಎಲೆ ಮೇಲ್ಮುಖವಾಗಿ ದೋಣಿಯಂತೆ ಮುದುಡುತ್ತದೆ, ಮೈಟ್ ಬಿದ್ದದ್ದು ಕೆಳಮುಖವಾಗಿ. ಎರಡನ್ನೂ ಪಕ್ಕಪಕ್ಕ ಹಾಕಿದರೆ ರೈತರಿಗೆ ಹುಳುವಿನ ಫೋಟೋಗಿಂತ ಬೇಗ ಉಪಯೋಗ ಆಗುತ್ತದೆ. ಅದಕ್ಕೆ ಸ್ಟ್ಯಾಕಿಂಗೂ ಬೇಕಿಲ್ಲ.

ಕಪ್ಪು ಥ್ರಿಪ್ಸ್ ಹೂವಿನ ಒಳಗೆ ಸಿಗುತ್ತದೆ. ಹೂವನ್ನು ಬಿಳಿ ಹಾಳೆ ಮೇಲೆ ತಟ್ಟಿದರೆ ಉದುರುತ್ತದೆ. ಹಳೆಯ ಹಳದಿ ಥ್ರಿಪ್ಸ್ ಹೆಚ್ಚಾಗಿ ಎಳೆ ಎಲೆಯಲ್ಲಿ ಇರುತ್ತದೆ. ಆದರೆ ಬಣ್ಣ ಒಂದನ್ನೇ ನಂಬಬೇಡಿ. ಕಪ್ಪು ಥ್ರಿಪ್ಸ್‌ನಲ್ಲಿ ಹೆಣ್ಣು ಮಾತ್ರ ಕಪ್ಪು ಕಂದು. ಗಂಡು ಚಿಕ್ಕದು, ಹಳದಿ. ಹೂವಿನಿಂದ ಉದುರಿದ ಹಳದಿ ಹುಳುವಿನ ಫೋಟೋ ತೆಗೆದು "ಹಳದಿ ಥ್ರಿಪ್ಸ್" ಅಂತ ಬರೆದರೆ ಅಂಗಡಿಗೆ ಬಂದ ಎಲ್ಲರಿಗೂ ತಪ್ಪು ಮಾಹಿತಿ ಹೋಗುತ್ತದೆ. ಒಂದಷ್ಟನ್ನು 70 ಶೇಕಡಾ ಆಲ್ಕೋಹಾಲಿನ ಸಣ್ಣ ಬಾಟಲಿಯಲ್ಲಿ ಹಾಕಿಟ್ಟು ಕೃಷಿ ವಿಶ್ವವಿದ್ಯಾಲಯದಲ್ಲೋ ಕೃಷಿ ವಿಜ್ಞಾನ ಕೇಂದ್ರದಲ್ಲೋ ತೋರಿಸಿ, ಆಮೇಲೆ ಹೆಸರು ಬರೆಯಿರಿ.

ಇನ್ನೊಂದು. ಥ್ರಿಪ್ಸ್ ಗುರುತಿಸುವುದೇ ರೋಮದಿಂದ. ಕುತ್ತಿಗೆ ಹಿಂದಿನ ಭಾಗದಲ್ಲಿ ಎಷ್ಟು ಉದ್ದ ರೋಮ, ಎಲ್ಲೆಲ್ಲಿ ಅನ್ನುವುದನ್ನು ನೋಡುತ್ತೇವೆ. ಸ್ಟ್ಯಾಕಿಂಗ್ ಸಾಫ್ಟ್‌ವೇರ್ ಕೆಲವೊಮ್ಮೆ ಒಂದು ರೋಮವನ್ನು ಎರಡು ಮಾಡುತ್ತದೆ, ಕೆಲವೊಮ್ಮೆ ನುಂಗಿಬಿಡುತ್ತದೆ. ಹಾಗಾಗಿ ಯಾರಿಗಾದರೂ ಗುರುತಿಸಲು ಕಳಿಸುವಾಗ ಜೋಡಿಸಿದ ಚಿತ್ರದ ಜೊತೆ ಮೂಲ ಫೋಟೋಗಳನ್ನೂ ಕಳಿಸಿ. ಫೋಟೋ ಮೂಲೆಯಲ್ಲಿ ಒಂದು ಮಿ.ಮೀ.ಯ ಗೆರೆ ಹಾಕುವುದನ್ನು ಮರೆಯಬೇಡಿ. ಎರಡು ಅಡಿ ದೊಡ್ಡ ಹುಳು ನೋಡಿದ ರೈತ ಹೊಲದಲ್ಲಿ ಅಷ್ಟು ಸಣ್ಣದನ್ನು ಹುಡುಕಬೇಕು ಅಲ್ವಾ.

ಕುರುಗೋಡು ಬೀಜದಂಗಡಿ:

ಎಲ್ಲರಿಗೂ ಧನ್ಯವಾದ. ಎಲೆಯ ಎರಡು ಫೋಟೋ ಹಾಕುವ ಮಾತು ತುಂಬಾ ಹಿಡಿಸಿತು ತಂಗಿ, ಅದನ್ನು ಖಂಡಿತ ಮಾಡುತ್ತೇನೆ.

ಓರೆ ಪೇಪರಿನ ಅಳತೆ ಮಾಡಿದೆ. ನನ್ನದರಲ್ಲಿ ಎರಡು ಒತ್ತಿಗೆ ಒಂದು ಫೋಟೋ ಸರಿಹೊಂದುತ್ತದೆ. ಗುಲಗಂಜಿ ಹುಳುವಿನ ಮೊದಲ ಸ್ಟ್ಯಾಕ್ ಹೆಲಿಕಾನ್‌ನಲ್ಲಿ ಜೋಡಿಸಿದೆ. ಬೆನ್ನಿನ ಹೊಳಪು, ತಲೆಯ ಬಿಳಿ ಮಚ್ಚೆ, ಕಾಲಿನ ಉಗುರು ಕೂಡ ಕಾಣಿಸಿತು. ಆದರೆ ಮೂರು ತೊಂದರೆ. ಮೀಸೆ ಮೂರು ನಾಲ್ಕು ಬಂದಿವೆ. ಬೆನ್ನಿನ ಅಂಚಿನ ಸುತ್ತ ಮಸುಕಾದ ಪ್ರಭೆ ಇದೆ. ಮತ್ತು ಎಲ್‌ಇಡಿ ಟ್ಯೂಬಿನ ಬೆಳಕಲ್ಲಿ ತೆಗೆದಿದ್ದಕ್ಕೋ ಏನೋ, ಕೆಲವು ಫೋಟೋ ಬೆಳ್ಳಗೆ, ಕೆಲವು ಕಪ್ಪಗೆ. ಹುಳುವನ್ನು ಫ್ರಿಜ್ಜಿನಲ್ಲಿಟ್ಟರೆ ಅಲ್ಲಾಡುವುದಿಲ್ಲ ಅಂತ ಒಬ್ಬರು ಹೇಳಿದರು. ಮಿತ್ರ ಹುಳು ಅಂತ ಬೋರ್ಡ್ ಹಾಕಿ ಅದನ್ನೇ ಸಾಯಿಸೋಕೆ ನನಗೆ ಇಷ್ಟವಿಲ್ಲ.

ಗಂಗಾವತಿ ಸ್ಟುಡಿಯೋ:

ಉಗುರು ಕಂಡಿತು ಅಂದರೆ ನಿಮ್ಮ ಹೆಜ್ಜೆ ಸರಿಯಾಗಿದೆ ಅಣ್ಣಾ. ಉಳಿದದ್ದು ಸಣ್ಣ ವಿಷಯ.

ಟ್ಯೂಬಿನದು ಸುಲಭ. ಅಗ್ಗದ ಎಲ್‌ಇಡಿ ಕರೆಂಟಿನ ಜೊತೆ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಶಟರ್ 1/50 ಇಟ್ಟರೆ ಪ್ರತಿ ಫೋಟೋಗೂ ಸಮ ಬೆಳಕು ಬೀಳುತ್ತದೆ. ಫ್ಲ್ಯಾಶ್ ಆದರೆ ಆ ತಲೆನೋವೇ ಇಲ್ಲ.

ಮೀಸೆ ಹೆಚ್ಚಾಗಿದ್ದು ಹುಳು ಅಲ್ಲಾಡಿಸಿದ್ದಕ್ಕೆ. ಫ್ರಿಜ್ಜು ಬೇಡ, ನೀವು ಹೇಳಿದ್ದೇ ಸರಿ. ಡಿಸೆಂಬರ್, ಜನವರಿಯಲ್ಲಿ ಸೂರ್ಯ ಹುಟ್ಟುವ ಮೊದಲು ಹೊಲಕ್ಕೆ ಹೋಗಿ. ಚಳಿಗೆ ಹುಳು ಮರಗಟ್ಟಿ ಎಲೆ ಹಿಡಿದು ಕೂತಿರುತ್ತದೆ. ಬಿಸಿಲು ಬೀಳುವವರೆಗೆ ನಿಮಗೆ ಸಮಯ ಇರುತ್ತದೆ. ಆ ಎಲೆಯನ್ನು ಕಡ್ಡಿ ಸಮೇತ ಕತ್ತರಿಸಿ ಕಡಪ ಕಲ್ಲಿನ ಮೇಲೆ ತಂದಿಡಿ, ಮುಗಿದ ಮೇಲೆ ಗಿಡಕ್ಕೆ ಬಿಡಿ. ಮರಿ ನಿಲ್ಲುವುದಿಲ್ಲ ಅಂತಾದರೆ ಕೋಶದ ಹಂತ ಹುಡುಕಿ. ಎಲೆಗೆ ಅಂಟಿಕೊಂಡು ಇದ್ದಲ್ಲೇ ಇರುತ್ತದೆ, ಸ್ಟ್ಯಾಕಿಂಗಿಗೆ ಅದರಷ್ಟು ಒಳ್ಳೆ ಹುಳು ಇಲ್ಲ. ರೈತರು ಅದನ್ನೂ ರೋಗ ಅಂತಲೇ ತಿಳಿದಿರುತ್ತಾರೆ, ಹಾಗಾಗಿ ಗೋಡೆ ಮೇಲೆ ಅದಕ್ಕೂ ಜಾಗ ಕೊಡಿ.

ಪ್ರಭೆ ಬರುವುದು ಮುಂದಿನ ಅಂಚು ಹಿಂದಿನ ಎಲೆಯನ್ನು ಮರೆಮಾಡುವ ಕಡೆ. ಅಂಚು ಫೋಕಸ್ ತಪ್ಪಿದಾಗ ಹರಡಿ ಎಲೆಯ ಮೇಲೆ ಬೀಳುತ್ತದೆ, ಸಾಫ್ಟ್‌ವೇರಿಗೆ ಯಾವುದನ್ನು ಆರಿಸಬೇಕು ಅಂತ ಗೊತ್ತಾಗುವುದಿಲ್ಲ. ಹೆಲಿಕಾನ್‌ನಲ್ಲಿ ಎ, ಬಿ, ಸಿ ಅಂತ ಮೂರು ವಿಧಾನ ಇವೆ. ನುಣುಪಾದ ಬೆನ್ನಿಗೆ ಬಿ ಚೆನ್ನ, ಬಣ್ಣ ಹದವಾಗಿ ಉಳಿಯುತ್ತದೆ. ಮೀಸೆ, ರೋಮ ಒಂದರ ಮೇಲೊಂದು ಹಾಯುವ ಕಡೆ ಸಿ ಚೆನ್ನ, ಆದರೆ ಅದು ಕಾಳು ಕಾಳಾಗಿ ನಾಯ್ಸ್ ಹೆಚ್ಚಿಸುತ್ತದೆ. ಎರಡೂ ಮಾಡಿಟ್ಟುಕೊಳ್ಳಿ. ಬಿ ಚಿತ್ರವನ್ನು ತಳಕ್ಕೆ ಇಟ್ಟು, ರಿಟಚ್ ಬ್ರಷ್‌ನಿಂದ ಮೀಸೆಯನ್ನು ಸಿ ಚಿತ್ರದಿಂದಲೋ ಮೂಲ ಫೋಟೋದಿಂದಲೋ ಎಳೆದುಕೊಳ್ಳಿ. ಸುಳ್ಳು ಮೀಸೆಯ ಮೇಲೆ ಎಲೆ ಸ್ಪಷ್ಟ ಇರುವ ಒಂದು ಮೂಲ ಫೋಟೋದಿಂದ ಬಳಿದರೆ ಅದು ಹೋಗುತ್ತದೆ. ರಾಯಚೂರಿನ ತಂಗಿ ಹೇಳಿದ ಹಾಗೆ, ಇಲ್ಲದ್ದನ್ನು ಕೈಯಿಂದ ಬರೆಯಬೇಡಿ. ಯಾವುದಾದರೂ ಒಂದು ಮೂಲ ಫೋಟೋದಲ್ಲಿ ಇರುವುದನ್ನೇ ತೆಗೆದುಕೊಳ್ಳಿ.

ಸೆನ್ಸರ್ ಒರೆಸಿಕೊಂಡಿದ್ದೀರಾ? ಒಂದು ಧೂಳಿನ ಕಣ ಇದ್ದರೂ ಜೋಡಿಸಿದ ಚಿತ್ರದಲ್ಲಿ ಅದು ಸಾಲು ಚುಕ್ಕೆಯಾಗಿ ಬರುತ್ತದೆ. ನಮ್ಮ ಕಡೆ ಧೂಳಿಗೆ ಬರವಿಲ್ಲ, ಬ್ಲೋವರ್‌ನಿಂದ ಊದಿ ಶುರುಮಾಡಿ.

ಥ್ರಿಪ್ಸಿಗೆ ಈಗಲೇ ಏನೂ ಕೊಳ್ಳಬೇಡಿ. 4ಎಕ್ಸ್ ಆಬ್ಜೆಕ್ಟಿವ್, ಟ್ಯೂಬು, ಅಡಾಪ್ಟರ್ ನನ್ನ ಹತ್ತಿರ ಇವೆ, ಕ್ಯಾನನ್ ಮೌಂಟೇ. ಕಂಪ್ಲಿ ಸೇತುವೆ ದಾಟಿ ಈ ಕಡೆ ಬಂದಾಗ ತಗೊಂಡು ಹೋಗಿ, ಮೆಣಸಿನ ಹೂವು ಮುಗಿಯುವವರೆಗೆ ಇಟ್ಟುಕೊಳ್ಳಿ. ಬರುವಾಗ ಆಲ್ಕೋಹಾಲಿನಲ್ಲಿ ಹಾಕಿದ ಒಂದಿಷ್ಟು ಥ್ರಿಪ್ಸ್ ತನ್ನಿ, ಮೊದಲ ಸ್ಟ್ಯಾಕ್ ಸ್ಟುಡಿಯೋದಲ್ಲೇ ಕೂತು ತೆಗೆಯೋಣ.